ಡಯಲ್ ಆಮೇಲೆ ನೋಡಿ, ಮೊದಲು ಮೆಷಿನ್ ನೋಡಿ

ಮೆಕ್ಯಾನಿಕಲ್ ವಾಚ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಕೇಳುವವರು ಸಾಮಾನ್ಯವಾಗಿ ಡಯಲ್ ಫೋಟೊ ಕಳಿಸುತ್ತಾರೆ. ಹಿಂದಿನ ಮುಚ್ಚಳ ತೆಗೆದ ಫೋಟೊ ಇದೆಯಾ ಅಂತ ನಾನು ಕೇಳುತ್ತೇನೆ. ವಾಚು ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ರಿಪೇರಿ ಆಗುತ್ತದಾ, ಮುಂದೆ ನೀವೇ ಬಿಚ್ಚಿ ಜೋಡಿಸಬಹುದಾ, ಇದೆಲ್ಲ ತೀರ್ಮಾನ ಆಗೋದು ಒಳಗಿನ ಮೆಷಿನ್‌ನಿಂದ. ವಾಚು ಆರಿಸೋದು, ನೋಡಿಕೊಳ್ಳೋದು, ಜೋಡಿಸೋದು ಬೇರೆ ಬೇರೆ ವಿದ್ಯೆಯ ಹಾಗೆ ಕಾಣುತ್ತವೆ. ಆದರೆ ಒಂದೇ ಒಂದು ಮೆಷಿನ್ ಹೇಗೆ ಓಡುತ್ತದೆ ಅಂತ ಸರಿಯಾಗಿ ಅರ್ಥ ಆದರೆ ಮೂರೂ ಕೈಗೆ ಬರುತ್ತವೆ.

ಹಾಗೆ ಕಲಿಯೋಕೆ ನಮ್ಮವರಿಗೆ ಒಂದು ಒಳ್ಳೆಯ ಮೆಷಿನ್ ಹತ್ತಿರದಲ್ಲೇ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಇಲ್ಲಿ ವಾಚ್ ಕಾರ್ಖಾನೆ ಶುರು ಮಾಡಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್, ಕೊಹಿನೂರ್, ಆಟೋಮ್ಯಾಟಿಕ್ ಕಾಂಚನ್ ಹೆಸರುಗಳನ್ನು ಕೇಳದ ಮನೆ ಕಮ್ಮಿ. ವಾಚ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಆದರೆ ಆ ವಾಚುಗಳು ಎಲ್ಲೂ ಹೋಗಿಲ್ಲ. ಮದುವೆಗೆ ಕೊಟ್ಟದ್ದು, ಅಜ್ಜನ ಕೈಯಲ್ಲಿದ್ದದ್ದು, ಕೀ ಕೊಡದೆ ಬೀರುವಿನಲ್ಲಿ ಮಲಗಿರೋದು ಎಷ್ಟೋ ಇವೆ. ಅದರಲ್ಲಿ ಒಂದನ್ನು ಎದುರಿಗಿಟ್ಟುಕೊಂಡು ನೋಡೋಣ.

ಕೀ ಕೊಟ್ಟಾಗ ಒಳಗೆ ಆಗೋದೇನು

ಜನತಾ ವಾಚಿನ ಹಿಂದಿನ ಮುಚ್ಚಳ ತೆಗೆದು, ಕೀಯನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಮೇಲೆಯೇ ಕಾಣುವ ಒಂದು ದೊಡ್ಡ ಹಲ್ಲಿನ ಚಕ್ರ ತಿರುಗುತ್ತದೆ. ಅದರ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಕೊಕ್ಕೆ ಇದೆ. ಚಕ್ರ ಒಂದು ಹಲ್ಲು ಮುಂದೆ ಹೋದಾಗಲೆಲ್ಲ ಕೊಕ್ಕೆ ಎದ್ದು ಮತ್ತೆ ಬೀಳುತ್ತದೆ. ಕೀ ಕೊಡುವಾಗ ಕೇಳುವ ಕರಕರ ಸದ್ದು ಅದರದ್ದೇ. ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವುದೂ ಅದೇ ಕೊಕ್ಕೆ.

ಆ ಚಕ್ರದ ಕೆಳಗೆ ಒಂದು ಡಬ್ಬಿ. ಡಬ್ಬಿಯೊಳಗೆ ಉದ್ದನೆಯ ತೆಳ್ಳನೆಯ ಉಕ್ಕಿನ ಪಟ್ಟಿ ಸುತ್ತಿಕೊಂಡಿರುತ್ತದೆ. ಇದು ಮೇನ್ ಸ್ಪ್ರಿಂಗ್. ವಾಚಿಗೆ ಶಕ್ತಿ ಬರುವುದು ಇದೊಂದರಿಂದಲೇ. ಬಿಚ್ಚಿಕೊಳ್ಳಲು ಹವಣಿಸುವ ಸ್ಪ್ರಿಂಗ್ ಡಬ್ಬಿಯನ್ನು ತಿರುಗಿಸುತ್ತದೆ, ಡಬ್ಬಿಯ ಹಲ್ಲು ಮುಂದಿನ ಚಕ್ರವನ್ನು, ಅದು ಇನ್ನೊಂದನ್ನು. ಗಂಟೆಗೊಂದು ಸುತ್ತು ಬರುವ ಚಕ್ರದಿಂದ ನಿಮಿಷದ ಮುಳ್ಳು ನಡೆಯುತ್ತದೆ, ನಿಮಿಷಕ್ಕೊಂದು ಸುತ್ತು ಬರುವ ಚಕ್ರದಿಂದ ಸೆಕೆಂಡಿನ ಮುಳ್ಳು.

ಇಷ್ಟೇ ಇದ್ದಿದ್ದರೆ ಕೊಟ್ಟ ಕೀ ಎಲ್ಲ ಕೆಲವೇ ಸೆಕೆಂಡುಗಳಲ್ಲಿ ಸರ್ರನೆ ಖಾಲಿಯಾಗುತ್ತಿತ್ತು. ಅದನ್ನು ತಡೆದು, ಶಕ್ತಿಯನ್ನು ಚೂರುಚೂರೇ ಬಿಡುವ ಜಾಗವೇ ವಾಚಿನ ಜೀವ. ಚಕ್ರಗಳ ಸಾಲಿನ ಕೊನೆಯಲ್ಲಿ ಓರೆ ಹಲ್ಲಿನ ಎಸ್ಕೇಪ್ ಚಕ್ರ ಇದೆ. ಸಾಮಾನ್ಯವಾಗಿ ಅದಕ್ಕೆ 15 ಹಲ್ಲು. ಅದರ ಎದುರು ಪ್ಯಾಲೆಟ್ ಫೋರ್ಕ್ ಎನ್ನುವ ಪುಟ್ಟ ಕವೆ, ಕವೆಯ ಎರಡು ತೋಳಲ್ಲಿ ಎರಡು ಕೆಂಪು ಕಲ್ಲು. ಒಂದು ಕಲ್ಲು ಹಲ್ಲನ್ನು ಬಿಟ್ಟ ಕೂಡಲೇ ಇನ್ನೊಂದು ಹಿಡಿಯುತ್ತದೆ. ಕವೆಯ ಆಚೆ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತಿರುಗುತ್ತಿರುತ್ತದೆ, ಅದನ್ನು ಪ್ರತಿ ಸಲ ವಾಪಸ್ ಎಳೆಯುವುದು ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗ್. ಮಗು ಉಯ್ಯಾಲೆ ಆಡುವಾಗ ನಾವು ಸರಿಯಾದ ಹೊತ್ತಿಗೆ ಬೆನ್ನಿಗೆ ಒಂದು ಸಣ್ಣ ತಳ್ಳು ಕೊಡುತ್ತೇವಲ್ಲ, ಕವೆ ಬ್ಯಾಲೆನ್ಸ್‌ಗೆ ಕೊಡುವುದು ಅದನ್ನೇ. ತಳ್ಳು ಸಿಗುವುದು ಮೇನ್ ಸ್ಪ್ರಿಂಗ್‌ನಿಂದ. ಹೊತ್ತು ಹೇಳುವುದು ಬ್ಯಾಲೆನ್ಸ್ ಮತ್ತು ಹೇರ್ ಸ್ಪ್ರಿಂಗ್ ಜೋಡಿ.

ಎಚ್‌ಎಂಟಿಯ ಕೀ ಕೊಡುವ ವಾಚು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ದಿನಕ್ಕೆ 4,32,000 ಟಿಕ್. ವಾಚು ದಿನಕ್ಕೆ 10 ಸೆಕೆಂಡ್ ಮುಂದೆ ಹೋಯಿತು ಅಂದರೆ ಅಷ್ಟರಲ್ಲಿ 50 ಟಿಕ್ ಜಾಸ್ತಿ ಬಿತ್ತು ಅಂತ. ಬ್ಯಾಟರಿ ಇಲ್ಲದೆ, ಬೆವರು, ಬಿಸಿಲು, ಬಸ್ಸಿನ ಕುಲುಕಾಟದ ನಡುವೆ ಇಷ್ಟು ಲೆಕ್ಕ ತಪ್ಪದೆ ಓಡುವುದನ್ನು ನೋಡಿದಾಗಲೆಲ್ಲ ನನಗೆ ಆಶ್ಚರ್ಯವೇ.

ಡಯಲ್ ಮೇಲಿನ ‘17 ಜ್ಯೂಯೆಲ್ಸ್’ ಬಗ್ಗೆ ಒಂದು ಮಾತು. ಇವು ಆಭರಣದ ಬೆಲೆಯ ಕಲ್ಲುಗಳಲ್ಲ, ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಚಕ್ರದ ಉಕ್ಕಿನ ಅಚ್ಚು ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆಯುತ್ತದೆ. ಕಲ್ಲಿನಲ್ಲಿ ತಿರುಗಿದರೆ ಸವೆತ ತೀರಾ ಕಮ್ಮಿ. ಲೆಕ್ಕ ಹೀಗೆ: ಕವೆಯ ತೋಳಲ್ಲಿ 2, ಬ್ಯಾಲೆನ್ಸ್‌ನಿಂದ ಕವೆಗೆ ತಾಗುವ ಕಲ್ಲು 1, ಬ್ಯಾಲೆನ್ಸ್‌ನ ಎರಡೂ ತುದಿಗೆ ಎರಡೆರಡು ಸೇರಿ 4, ಕವೆಯ ಅಚ್ಚಿಗೆ 2, ಎಸ್ಕೇಪ್ ಚಕ್ರ ಸೇರಿ ನಾಲ್ಕು ಚಕ್ರಕ್ಕೆ 8. ಒಟ್ಟು 17. ಕೀ ಕೊಡುವ ಸಾದಾ ವಾಚಿಗೆ ಇಷ್ಟು ಸಾಕು. ತಾನೇ ಕೀ ಸುತ್ತಿಕೊಳ್ಳುವ ಆಟೋಮ್ಯಾಟಿಕ್‌ನಲ್ಲಿ ಚಕ್ರಗಳು ಜಾಸ್ತಿ, ಹಾಗಾಗಿ 21, 24, 25 ಅಂತ ಏರುತ್ತದೆ. ಸುಮ್ನೆ ಕಲ್ಲಿನ ಸಂಖ್ಯೆ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಅದೇ ಡಯಲ್ ಮೇಲಿನ ‘ಪ್ಯಾರಾ ಶಾಕ್’ ಇದಕ್ಕಿಂತ ಉಪಯೋಗದ ಮಾತು. ಬ್ಯಾಲೆನ್ಸ್‌ನ ಕಲ್ಲುಗಳನ್ನು ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ, ಏಟು ಬಿದ್ದಾಗ ಕಲ್ಲು ಚೂರು ಸರಿದು, ಅಚ್ಚಿನ ತುದಿ ಮುರಿಯದೆ ಉಳಿಯುತ್ತದೆ.

ಆರಿಸುವಾಗ

ಮೊದಲ ವಾಚು ಕೀ ಕೊಡುವಂಥದ್ದೇ ಇರಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆಟೋಮ್ಯಾಟಿಕ್ ಅಂದರೆ ಇದೇ ಮೆಷಿನ್ ಮೇಲೆ, ಕೈ ಆಡಿಸಿದಾಗ ತಿರುಗುವ ಅರ್ಧಚಂದ್ರದ ತೂಕವೊಂದು ಕೂತಿರುತ್ತದೆ. ಅದು ಸ್ಪ್ರಿಂಗ್ ಸುತ್ತುತ್ತದೆ. ದಿನವೂ ಕಟ್ಟುವವರಿಗೆ ಅನುಕೂಲವೇ. ಆದರೆ ಕಲಿಯುವವರಿಗೆ ಅದರ ಅಡಿಯಲ್ಲಿ ಏನೂ ಕಾಣೋದಿಲ್ಲ.

ಮನೆಯಲ್ಲಿ ಹಳೇ ಎಚ್‌ಎಂಟಿ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಇಲ್ಲದಿದ್ದರೆ ಕೊಳ್ಳುವಾಗ ಎಚ್ಚರ ಬೇಕು. ಆನ್‌ಲೈನ್‌ನಲ್ಲಿ ಕಾಣುವ ‘ಹೊಸದರಂತಿರುವ’ ಹಳೆ ವಾಚುಗಳಲ್ಲಿ ಎಷ್ಟೋ ಡಯಲ್‌ಗಳು ಮರುಮುದ್ರಣದವು. ಕಿತ್ತಳೆ, ಗಿಳಿಹಸಿರು ಬಣ್ಣದ ಪೈಲಟ್, ಡಯಲ್ ಮೇಲೆ ಸೇನೆಯ ಚಿಹ್ನೆ, ಇವನ್ನು ಕಂಡರೆ ಅನುಮಾನ ಪಡಿ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಅಕ್ಷರದ ಅಂಚು ಹರಡಿದೆಯಾ, ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಇವೆಯಾ, ಹೊಳೆಯುವ ಡಯಲ್‌ಗೆ ತುಕ್ಕು ಹಿಡಿದ ಮುಳ್ಳು ಹಾಕಿದ್ದಾರಾ? ಹಳದಿಗಟ್ಟಿದ, ಒಂದೆರಡು ಕಲೆ ಇರುವ ಅಸಲಿ ಡಯಲ್ ನನಗೆ ಬಣ್ಣ ಬಳಿದ ಹೊಸ ಡಯಲ್‌ಗಿಂತ ಎಷ್ಟೋ ಪಾಲು ಮೇಲು.

ವಾಚು ಕೈಗೆ ಸಿಕ್ಕರೆ ಮೊದಲು ಕೀ ಕೊಡಿ. ಸರಾಗವಾಗಿ ತಿರುಗಿ, ನಿಧಾನಕ್ಕೆ ಬಿಗಿಯಾಗಿ, ಕೊನೆಗೆ ನಿಲ್ಲಬೇಕು. ಕೀ ಕೊಡುತ್ತಲೇ ಇದ್ದೀರಿ, ಬಿಗಿಯೇ ಆಗುತ್ತಿಲ್ಲ ಅಂದರೆ ಕೀ ಕೊಡುವ ಹಳೆ ವಾಚಿನಲ್ಲಿ ಮೇನ್ ಸ್ಪ್ರಿಂಗ್ ತುಂಡಾಗಿರಬಹುದು. ಅದು ಕಮ್ಮಿ ಖರ್ಚಿನ ರಿಪೇರಿ. ಮುಚ್ಚಳ ತೆಗೆಸಿ ಬ್ಯಾಲೆನ್ಸ್ ನೋಡಿ. ಚಕ್ರ ತಟ್ಟೆಯ ಹಾಗೆ ಸಮವಾಗಿ ತಿರುಗಬೇಕು, ಓಲಾಡಬಾರದು. ಹೇರ್ ಸ್ಪ್ರಿಂಗ್‌ನ ಸುತ್ತುಗಳ ನಡುವೆ ಒಂದೇ ಅಂತರ ಇರಬೇಕು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಪಳಗದ ಕೈ ಬಿದ್ದಿದೆ ಅಂತ ಅರ್ಥ. ಕೀ ಹೋಗುವ ತೂತಿನ ಸುತ್ತ ಕಂದು ತುಕ್ಕು ಕಂಡರೆ ಬಿಟ್ಟುಬಿಡಿ, ನೀರು ಒಳಗೆ ಹೋಗಿದೆ.

ಹೊಸದು ಬೇಕು ಅನ್ನುವವರು ಸೈಕೋ, ಸಿಟಿಜನ್ ಕಡೆ ನೋಡಬಹುದು. ಈಗಿನ ಸೈಕೋ 5 ವಾಚುಗಳ 4ಆರ್36 ಮೆಷಿನ್ ಮತ್ತು ಹೊರಗೆ ಬಿಡಿಯಾಗಿ ಮಾರುವ ಎನ್‌ಎಚ್36 ಒಂದೇ ಕುಟುಂಬದವು. ಸಿಟಿಜನ್ ಬಳಗದ ಮಿಯೋಟ 8215 ಕೂಡ ಹಾಗೇ, ಎಷ್ಟೋ ಕಂಪನಿಗಳ ವಾಚಿನೊಳಗೆ ಇರೋದು ಅದೇ. ಸ್ವಿಸ್ ಕಡೆ ಹೋದರೆ ಇಟಿಎ 2824 ಮತ್ತು ಅದರ ವಿನ್ಯಾಸವನ್ನೇ ಅನುಸರಿಸುವ ಸೆಲಿಟಾ ಎಸ್‌ಡಬ್ಲ್ಯು200. ಇವೆಲ್ಲ ಲಕ್ಷಗಟ್ಟಲೆ ತಯಾರಾಗಿವೆ, ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಇದಕ್ಕೆ ತದ್ವಿರುದ್ಧ ಉದಾಹರಣೆ ಸ್ವಾಚ್‌ನ ಸಿಸ್ಟಮ್51. ಬರೀ 51 ಭಾಗಗಳಲ್ಲಿ ಆಟೋಮ್ಯಾಟಿಕ್ ಮೆಷಿನ್ ಮಾಡಿದ್ದು ದೊಡ್ಡ ಸಾಹಸವೇ. ಆದರೆ ಪೂರ್ತಿ ಸೀಲ್ ಆಗಿರುವ ಅದನ್ನು ಬಿಚ್ಚಿ ರಿಪೇರಿ ಮಾಡೋ ಹಾಗಿಲ್ಲ. ಹವ್ಯಾಸಕ್ಕೆ ಬೇಕಾದದ್ದು ಬಿಚ್ಚಲು ಬರುವ ವಾಚು ಅಲ್ವಾ?

ಗಾಜಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆ ಎಚ್‌ಎಂಟಿಗಳದ್ದು ಅಕ್ರಿಲಿಕ್. ಬೇಗ ಗೀರು ಬೀಳುತ್ತದೆ, ಪಾಲಿಶ್ ಪೇಸ್ಟ್‌ನಲ್ಲಿ ತಿಕ್ಕಿದರೆ ಹೋಗುತ್ತದೆ. ಮಿನರಲ್ ಗಾಜಿನ ಗೀರನ್ನು ಮನೆಯಲ್ಲಿ ತೆಗೆಯೋದು ಕಷ್ಟ. ಸಫೈರ್‌ಗೆ ಗೀರೇ ಬೀಳೋದು ಅಪರೂಪ, ಜೋರು ಏಟಿಗೆ ಒಡೆಯಬಹುದು.

ನೋಡಿಕೊಳ್ಳೋದು ಅಂದರೆ ಗಮನಿಸೋದು

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಸ್ಟೆಮ್, ಅಂದರೆ ಕೀಯಿಂದ ಒಳಗೆ ಹೋಗುವ ಕಡ್ಡಿ, ಒಂದು ಕಡೆಗೆ ವಾಲಿ ಸವೆಯುತ್ತದೆ. ಬಿಗಿಯಾದ ಕೂಡಲೇ ನಿಲ್ಲಿಸಿ. ಪೂರ್ತಿ ಕೀ ಕೊಡುವುದರಿಂದ ವಾಚು ಕೆಡೋದಿಲ್ಲ, ನಿಂತ ಮೇಲೂ ಬಲ ಹಾಕಿದರೆ ಕೆಡುತ್ತದೆ. ತಾರೀಖು ಇರುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರ ತನಕದ ಸಮಯ ತೋರಿಸುವಾಗ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಚಕ್ರಕ್ಕೆ ಹಲ್ಲು ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ.

ಆಮೇಲೆ ಒಂದು ವಾರ ಸುಮ್ನೆ ಬರೆದಿಡಿ. ಪ್ರತಿ ಬೆಳಗ್ಗೆ ಮೊಬೈಲ್ ಸಮಯಕ್ಕೂ ವಾಚಿನ ಸಮಯಕ್ಕೂ ಎಷ್ಟು ವ್ಯತ್ಯಾಸ, ರಾತ್ರಿ ವಾಚನ್ನು ಹೇಗೆ ಇಟ್ಟಿದ್ದಿರಿ, ಇಷ್ಟು ಸಾಕು. ಮೆಕ್ಯಾನಿಕಲ್ ವಾಚು ಮಲಗಿಸಿದಾಗ ಒಂದು ವೇಗ, ಕೀ ಮೇಲೆ ಮಾಡಿ ನಿಲ್ಲಿಸಿದಾಗ ಇನ್ನೊಂದು ವೇಗದಲ್ಲಿ ಓಡುತ್ತದೆ. ಹಗಲಲ್ಲಿ ಮುಂದೆ ಹೋಗುವ ವಾಚು ಯಾವ ಭಂಗಿಯಲ್ಲಿ ಹಿಂದೆ ಬೀಳುತ್ತದೆ ಅಂತ ತಿಳಿದರೆ, ರಾತ್ರಿ ಹಾಗೇ ಇಟ್ಟು ಸರಿದೂಗಿಸಬಹುದು. ಒಂದು ಸ್ಕ್ರೂ ಕೂಡ ಮುಟ್ಟಬೇಕಾಗಿಲ್ಲ.

ಬರೆದಿಟ್ಟವರಿಗೆ ಕಾಯಿಲೆಯೂ ಬೇಗ ಗೊತ್ತಾಗುತ್ತದೆ. ನಿನ್ನೆ ತನಕ ಸರಿಯಿದ್ದ ವಾಚು ಇವತ್ತು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿದ್ದರೆ, ಮೊದಲ ಅನುಮಾನ ಅಯಸ್ಕಾಂತ. ಹೇರ್ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡ ಆದ ಹಾಗಾಗುತ್ತದೆ, ಬ್ಯಾಲೆನ್ಸ್ ಬೇಗ ಬೇಗ ಆಡುತ್ತದೆ. ಸ್ಪೀಕರ್, ಟ್ಯಾಬ್ಲೆಟ್ ಕವರ್, ಪರ್ಸಿನ ಬಟನ್, ಎಲ್ಲದರಲ್ಲೂ ಈಗ ಅಯಸ್ಕಾಂತ ಇದೆ. ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿದರೆ ಮುಳ್ಳು ಅಲುಗುತ್ತದೆ. ಕೆಲವು ನೂರು ರೂಪಾಯಿಯ ಡಿಮ್ಯಾಗ್ನೆಟೈಸರ್ ಇದನ್ನು ತೆಗೆಯುತ್ತದೆ. ಬಟನ್ ಒತ್ತಿಕೊಂಡೇ ವಾಚನ್ನು ನಿಧಾನವಾಗಿ ದೂರ ಎಳೆದು, ಆಮೇಲೆ ಬಟನ್ ಬಿಡಬೇಕು. ಹತ್ತಿರ ಇದ್ದಾಗಲೇ ಬಿಟ್ಟರೆ ಕಾಂತ ಮತ್ತೆ ಉಳಿದುಬಿಡಬಹುದು.

ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಹಿಂದೆ ಬೀಳುತ್ತಾ ಬಂದರೆ, ಪೂರ್ತಿ ಕೀ ಕೊಟ್ಟರೂ ಮರುದಿನ ಬೆಳಗಿನೊಳಗೆ ನಿಲ್ಲುತ್ತಿದ್ದರೆ, ಎಣ್ಣೆ ಒಣಗಿದೆ. ದಿನವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿರಬಹುದು.

ಎಣ್ಣೆ ಬಗ್ಗೆ ಒತ್ತಿ ಹೇಳಬೇಕು. ವಾಚಿಗೆ ಎಣ್ಣೆ ‘ಬಿಡುವುದು’ ಅಂತ ಇಲ್ಲ. ಬಿಚ್ಚಿ, ತೊಳೆದು, ಒಣಗಿಸಿ, ಜೋಡಿಸುತ್ತಾ ಪ್ರತಿ ಕಲ್ಲಿಗೂ ಸೂಜಿಮೊನೆಯಷ್ಟು ಇಡಬೇಕು. ಹಳೆ ಕೊಳೆಯ ಮೇಲೆ ಹೊಸ ಎಣ್ಣೆ ಹಾಕಿದರೆ ಎರಡೂ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಹತ್ತಿರವೂ ತರಬೇಡಿ. ಬೇಗ ತಿರುಗುವ ಅಚ್ಚಿಗೆ ತೆಳು ಎಣ್ಣೆ, ನಿಧಾನವಾಗಿ ಭಾರ ಹೊತ್ತು ತಿರುಗುವ ಅಚ್ಚಿಗೆ ದಪ್ಪ ಎಣ್ಣೆ, ಕವೆಯ ಕಲ್ಲುಗಳಿಗೆ ಇನ್ನೊಂದು ಬಗೆ. ಮೋಬಿಯಸ್ ಕಂಪನಿಯ 9010 ಮೊದಲನೆಯದಕ್ಕೆ, 9415 ಕೊನೆಯದಕ್ಕೆ ಜಗತ್ತಿನಾದ್ಯಂತ ಬಳಸುವಂಥವು. ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಆದರೆ ಒಳ್ಳೆಯದು. ಅಂಗಡಿಯವರು ಮೆಷಿನ್ ಪೂರ್ತಿ ಬಿಚ್ಚುತ್ತಾರಾ ಅಂತ ಕೇಳಿಯೇ ಕೊಡಿ. ಬ್ಯಾಟರಿ ವಾಚು ಬಂದ ಮೇಲೆ ಈ ಕೆಲಸ ಬಲ್ಲ ಕೈಗಳು ಕಮ್ಮಿ ಆಗಿವೆ. ನಿಮ್ಮೂರಲ್ಲಿ ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಹಾಕಿ ಕೂರುವ ಹಿರಿಯರೊಬ್ಬರು ಇದ್ದರೆ ಅವರು ಕೇಳಿದಷ್ಟು ಕೂಲಿ ಚೌಕಾಸಿ ಇಲ್ಲದೆ ಕೊಡಿ.

ಇನ್ನು ನೀರು. ಹಿಂದೆ 30 ಮೀಟರ್ ಅಂತ ಬರೆದಿದ್ದರೂ ಅದು ಈಜಲು ಅಲ್ಲ, ಕೈ ತೊಳೆಯುವಾಗಿನ ಹನಿಗೆ ಅಷ್ಟೇ. ಹಳೇ ಎಚ್‌ಎಂಟಿಗೆ ಅದೂ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಹಳೆ ವಾಚನ್ನು ಹೊರಗೆ ಕಟ್ಟದಿರುವುದೇ ಕ್ಷೇಮ. ಗಾಜಿನ ಒಳಗೆ ಮಂಜು ಕಟ್ಟಿದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಮುಚ್ಚಳ ತೆಗೆಸಿ ಒಣಗಿಸಬೇಕು. ಹೇರ್ ಸ್ಪ್ರಿಂಗ್‌ಗೆ ತುಕ್ಕು ಬಂದರೆ ಮತ್ತೆ ಸರಿ ಹೋಗೋದಿಲ್ಲ. ಸ್ಟ್ರಾಪ್ ಬಿಚ್ಚಿ ಹಿಂದಿನ ಬೆವರು ಒರೆಸುತ್ತಿರಿ, ಕ್ರೋಮ್ ಲೇಪನ ಮೊದಲು ಏಳುವುದು ಅಲ್ಲೇ.

ಬಿಚ್ಚಿ ಜೋಡಿಸುವುದು

ಇಲ್ಲಿ ಎರಡು ದಾರಿ ಇವೆ, ಜನ ಎರಡನ್ನೂ ಬೆರೆಸುತ್ತಾರೆ. ಒಂದು, ತಯಾರಾದ ಮೆಷಿನ್ ತಂದು ಕೇಸು, ಡಯಲ್, ಮುಳ್ಳು ಸೇರಿಸಿ ನಿಮ್ಮದೇ ವಾಚು ಮಾಡೋದು. ಇನ್ನೊಂದು, ಮೆಷಿನ್ನನ್ನೇ ಕಳಚಿ ಜೋಡಿಸೋದು. ಮೊದಲನೆಯದು ಒಂದು ರಜೆಯ ದಿನದ ಕೆಲಸ. ಎರಡನೆಯದು ನಿಧಾನಕ್ಕೆ ಕೈ ಪಳಗಬೇಕಾದ ವಿದ್ಯೆ.

ಕಳಚಲು ಕಲಿಯೋಕೆ ಕೆಟ್ಟು ಹೋದ ಎಚ್‌ಎಂಟಿ ಮೆಷಿನ್ ತಗೊಳ್ಳಿ. ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಬಳಿಯ ಸಂಡೇ ಬಜಾರಿನಲ್ಲಿ ಹುಡುಕಬಹುದು. ಕಣ್ಣಿಗೆ ಇನ್ನೂ ದೊಡ್ಡದು ಬೇಕಾದರೆ, ಜೇಬುಗಡಿಯಾರಕ್ಕೆಂದು ಮಾಡಿದ ಇಟಿಎ 6497, ಅಥವಾ ಅದೇ ವಿನ್ಯಾಸದ ಚೀನೀ ಸೀಗಲ್ ಎಸ್‌ಟಿ36. ಅಡ್ಡಳತೆ 36.6 ಮಿಲಿಮೀಟರ್, ಅಂದರೆ ಇಡೀ ಜನತಾ ವಾಚಿಗಿಂತ ಮೆಷಿನ್ನೇ ದೊಡ್ಡದು. ಒಳ್ಳೆಯ ಚಿಮಟ, ಮೂರ್ನಾಲ್ಕು ಅಳತೆಯ ಸ್ಕ್ರೂಡ್ರೈವರ್, ಐಗ್ಲಾಸ್, ಧೂಳು ಊದುವ ರಬ್ಬರ್ ಬುರುಡೆ, ಬಿಳಿ ಕಾಗದ ಹಾಸಿದ ಮೇಜು ಸಾಕು. ಸ್ಕ್ರೂಡ್ರೈವರ್ ಮತ್ತು ಚಿಮಟದಲ್ಲಿ ಮಾತ್ರ ಅಗ್ಗದ್ದು ಬೇಡ.

ಮೊದಲ ಕೆಲಸ, ಮೇನ್ ಸ್ಪ್ರಿಂಗ್‌ನ ಬಿಗಿ ಇಳಿಸುವುದು. ಕೀಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಕರಕರ ಅನ್ನುತ್ತಿದ್ದ ಆ ಕೊಕ್ಕೆಯನ್ನು ಇನ್ನೊಂದು ಕೈಯಿಂದ ಪಕ್ಕಕ್ಕೆ ಸರಿಸಿ, ಕೀಯನ್ನು ಬೆರಳ ನಡುವೆ ಮೆಲ್ಲಗೆ ಜಾರಬಿಡಿ. ಇದನ್ನು ಮಾಡದೆ ಕವೆ ತೆಗೆದರೆ ಚಕ್ರಗಳೆಲ್ಲ ಒಮ್ಮೆಗೇ ಸುತ್ತಿ ಹಲ್ಲು, ಅಚ್ಚು ಮುರಿಯಬಹುದು. ಬಿಗಿ ಇಳಿದ ಮೇಲೆ ಬ್ಯಾಲೆನ್ಸ್, ಆಮೇಲೆ ಕವೆ, ಆಮೇಲೆ ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ಸೇತುವೆ ಎನ್ನುವ ತಟ್ಟೆ, ಕೊನೆಗೆ ಡಬ್ಬಿ. ಪ್ರತಿ ಹೆಜ್ಜೆಗೂ ಒಂದು ಫೋಟೊ. ಒಂದು ಸ್ಕ್ರೂ ಬಿಗಿಯಾಗಿದೆ ಅಂತ ಬಲ ಹಾಕುವ ಮುಂಚೆ ಅದರ ತಲೆ ನೋಡಿ. ಮೂರು ಗೆರೆ ಇದ್ದರೆ ಸಾಮಾನ್ಯವಾಗಿ ಅದು ಉಲ್ಟಾ ತಿರುಗುವ ಸ್ಕ್ರೂ.

ತೊಳೆಯುವಾಗ ಕವೆಯನ್ನೂ ಬ್ಯಾಲೆನ್ಸನ್ನೂ ಸ್ಪಿರಿಟ್‌ನಲ್ಲಿ ನೆನೆಹಾಕಬೇಡಿ. ಆ ಪುಟ್ಟ ಕೆಂಪು ಕಲ್ಲುಗಳನ್ನು ಹಿಡಿದಿರುವುದು ಅರಗು. ಸ್ಪಿರಿಟ್‌ಗೆ ಅರಗು ಕರಗುತ್ತದೆ. ಜೋಡಿಸುವಾಗ ಕಷ್ಟ ಬರುವುದು ಸೇತುವೆ ಕೂರಿಸುವ ಜಾಗದಲ್ಲಿ. ಮೂರ್ನಾಲ್ಕು ಚಕ್ರಗಳ ಅಚ್ಚು ಒಟ್ಟಿಗೆ ಅವುಗಳ ತೂತಿಗೆ ಬೀಳಬೇಕು. ಸೇತುವೆಯ ಮೇಲೆ ಬೆರಳು ಬರೀ ಇಟ್ಟಿರಿ, ಒತ್ತಬೇಡಿ. ಚಿಮಟದ ತುದಿಯಲ್ಲಿ ಒಂದೊಂದೇ ಚಕ್ರವನ್ನು ನೂಕುತ್ತಾ ಹೋದರೆ ಅದೇ ಟಕ್ ಅಂತ ಕೂರುತ್ತದೆ. ಸ್ಕ್ರೂ ಬಿಗಿಯುವ ಮುಂಚೆ ಡಬ್ಬಿಯನ್ನು ಚೂರು ತಿರುಗಿಸಿ, ಕೊನೆಯ ಚಕ್ರದ ತನಕ ಎಲ್ಲ ಓಡುತ್ತದಾ ನೋಡಿ. ಓಡಿದರೆ ಮಾತ್ರ ಬಿಗಿಯಿರಿ.

ನಿಮ್ಮದೇ ವಾಚು ಮಾಡುವ ದಾರಿಗೆ ಸೈಕೋ ಬಳಗದ ಎನ್‌ಎಚ್35 ಸೂಕ್ತ. 24 ಕಲ್ಲು, ಗಂಟೆಗೆ 21,600 ಟಿಕ್, ಸುಮಾರು 41 ಗಂಟೆ ಓಟ. ಅದಕ್ಕೆ ಹೊಂದುವ ಕೇಸು, ಡಯಲ್, ಮುಳ್ಳು ಬೇಕಾದಷ್ಟು ಸಿಗುತ್ತವೆ. ಕೊಳ್ಳುವಾಗ ಎರಡು ಅಳತೆ ತಪ್ಪಬಾರದು. ಡಯಲ್ ಹಿಂದಿನ ಎರಡು ಸಣ್ಣ ಕಾಲುಗಳು ಕೀ ಇರುವ ಜಾಗಕ್ಕೆ ಹೊಂದಬೇಕು, 3 ಗಂಟೆಯ ಕಡೆ ಕೀ ಇರುವ ಕೇಸಿಗೆ ಒಂದು ಬಗೆ, 4ರ ಹತ್ತಿರ ಇರುವುದಕ್ಕೆ ಇನ್ನೊಂದು. ಮುಳ್ಳುಗಳ ತೂತು ಗಂಟೆಯದ್ದು 1.5, ನಿಮಿಷದ್ದು 0.9, ಸೆಕೆಂಡಿನದ್ದು 0.2 ಮಿಲಿಮೀಟರ್ ಇರಬೇಕು. ಮಿಯೋಟದ ಮುಳ್ಳು ಇದಕ್ಕೆ ಕೂರೋದಿಲ್ಲ. ದೊಡ್ಡ ಕಂಪನಿಯ ಹೆಸರು ಮುದ್ರಿಸಿದ ಡಯಲ್ ಅಂತೂ ಬೇಡ, ಆಗ ನೀವು ಮಾಡಿದ್ದು ನಕಲಿ ವಾಚು ಆಗುತ್ತದೆ. ಹೆಸರಿಲ್ಲದ ಡಯಲ್‌ಗಳು ಚೆಂದವಾಗಿಯೇ ಸಿಗುತ್ತವೆ.

ಮುಳ್ಳು ಕೂರಿಸುವ ಮುಂಚೆ ಕೀ ಎಳೆದು ತಿರುಗಿಸುತ್ತಾ ತಾರೀಖು ಬದಲಾಗುವ ಕ್ಷಣಕ್ಕೆ ನಿಲ್ಲಿಸಿ. ಅಲ್ಲೇ ಗಂಟೆ, ನಿಮಿಷದ ಮುಳ್ಳು ಎರಡನ್ನೂ 12ಕ್ಕೆ ಕೂರಿಸಿದರೆ ನಡುರಾತ್ರಿಗೆ ಸರಿಯಾಗಿ ತಾರೀಖು ಬದಲಾಗುತ್ತದೆ. ಸೆಕೆಂಡಿನ ಮುಳ್ಳಿಗೆ ತಾಳ್ಮೆ ಬೇಕು. ಕಾಲು ಮಿಲಿಮೀಟರ್ ಕೂಡ ಇಲ್ಲದ ಅಚ್ಚಿನ ಮೇಲೆ ನೇರವಾಗಿ ಕೂತ ಹಾಗನ್ನಿಸುವ ತನಕ ಒತ್ತಲೇಬಾರದು. ಆಮೇಲೆ ವಾಚನ್ನು ಕಣ್ಣಿನ ನೇರಕ್ಕೆ ಹಿಡಿದು 12 ಗಂಟೆಯಷ್ಟು ಮುಳ್ಳು ತಿರುಗಿಸಿ, ಮೂರರ ನಡುವೆಯೂ ಬೆಳಕು ಕಾಣಬೇಕು. ಸ್ಟೆಮ್ ಕತ್ತರಿಸುವಾಗ ಒಮ್ಮೆಲೇ ಬೇಡ, ಚೂರು ಕತ್ತರಿಸಿ ಹಾಕಿ ನೋಡಿ, ಮತ್ತೆ ಚೂರು. ಮುಚ್ಚಳ ಹಾಕುವ ಮುಂಚೆ ಅದರ ರಬ್ಬರ್ ಉಂಗುರಕ್ಕೆ (ಗ್ಯಾಸ್ಕೆಟ್) ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ.

ಕೊನೆಗೆ ಸಮಯ ಹೊಂದಿಸುವುದು. ಟೈಮ್‌ಗ್ರಾಫರ್ ಎನ್ನುವ ಯಂತ್ರ ಟಿಕ್ ಸದ್ದು ಕೇಳಿ ವೇಗ ಅಳೆಯುತ್ತದೆ. ಮೊಬೈಲ್ ಆ್ಯಪ್‌ಗಳೂ ವೇಗವನ್ನು ಚೆನ್ನಾಗಿಯೇ ಹೇಳುತ್ತವೆ. ಯಂತ್ರಕ್ಕೆ ಮೆಷಿನ್‌ನ ಲಿಫ್ಟ್ ಆಂಗಲ್, ಅಂದರೆ ಕವೆ ತಾಗಿರುವಾಗ ಬ್ಯಾಲೆನ್ಸ್ ತಿರುಗುವ ಕೋನ, ಹೇಳಬೇಕು, ಎನ್‌ಎಚ್35ಕ್ಕೆ ಅದು 53 ಡಿಗ್ರಿ. ಪೂರ್ತಿ ಕೀ ಕೊಟ್ಟು ಡಯಲ್ ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸ್ 270 ಡಿಗ್ರಿ ಆಸುಪಾಸು ಆಡಿದರೆ ಆರೋಗ್ಯವಾಗಿದೆ. ಹಳೆ ಎಚ್‌ಎಂಟಿಗೆ 250 ದಾಟಿದರೂ ಖುಷಿಪಡಿ, 200ಕ್ಕಿಂತ ಇಳಿದರೆ ಸರ್ವಿಸ್ ಬೇಕು. ಎನ್‌ಎಚ್35 ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 40 ಸೆಕೆಂಡ್ ಮುಂದೆ ತನಕ ಹೋಗಬಹುದು ಅಂತ ತಯಾರಕರೇ ಹೇಳುತ್ತಾರೆ. ಬ್ಯಾಲೆನ್ಸ್ ಮೇಲಿನ ಸಣ್ಣ ಸನ್ನೆಯನ್ನು (ಲಿವರ್) ಕೂದಲೆಳೆಯಷ್ಟು ಸರಿಸಿದರೆ ಹೇರ್ ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದ ಬದಲಾಗಿ ವೇಗ ಬದಲಾಗುತ್ತದೆ. ಪಕ್ಕದಲ್ಲೇ ಅದೇ ತರಹದ ಇನ್ನೊಂದು ಸನ್ನೆ ಇರುತ್ತದೆ. ಅದು ಎಡಬಲದ ಆಟವನ್ನು ಸಮ ಮಾಡಲು, ಅದನ್ನು ಮುಟ್ಟಬೇಡಿ. ಹೊಂದಿಸಿದ ಮೇಲೆ ಒಂದು ವಾರ ಕಟ್ಟಿ, ಮತ್ತೆ ಬರೆದಿಟ್ಟು ನೋಡಿ, ಬೇಕಿದ್ದರೆ ಇನ್ನೊಂದು ಸಲ ಸರಿಸಿ. ಮೇಜಿನ ಮೇಲೆ ಸರಿ ತೋರಿಸಿದ ವಾಚು ಕೈಯಲ್ಲಿ ಐದಾರು ಸೆಕೆಂಡ್ ಬೇರೆ ತೋರಿಸುವುದು ಮಾಮೂಲು.